ಹೆಸರು, ವಿಳಾಸ, ಉದ್ದೇಶ

“ಅಳಿಯ, ಇದು ಕಳ್ಳತನ ಅಂತ ಆಗಲ್ಲ ಅಲ್ವಾ?”

ಮಾವ ಹೀಗೆ ಕೇಳುವ ಹೊತ್ತಿಗೆ ಅವರ ಸತ್ತುಹೋದ ಕಂಪ್ಯೂಟರು ನನ್ನ ಲ್ಯಾಪ್‌ಟಾಪಿನೊಳಗೆ ಎದ್ದು ಕೂತಿತ್ತು. ಪರದೆಯ ನಡುವೆ ಒಂದು ಚೌಕ, ಅದರೊಳಗೆ ವಿಂಡೋಸ್ 98ರ ಮೋಡ. ಮಾವನಿಗೆ ಖುಷಿಯಾಗಿತ್ತು, ಆದರೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಸತ್ತದ್ದು ಹೀಗೆ ಎದ್ದು ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. ನಾನು “ಆಗಲ್ಲ ಮಾವ” ಅಂದುಬಿಟ್ಟೆ. ಆಮೇಲೆ ರಾತ್ರಿ ಮನೆಗೆ ಬಂದು ಕಾಯ್ದೆ ತೆಗೆದು ಓದಿದೆ. ಕ್ರಮ ಉಲ್ಟಾ ಆಯ್ತು, ಗೊತ್ತು.

ಮಾವನದು ದಾವಣಗೆರೆ ಚೌಕಿಪೇಟೆಯ ಒಂದು ಸಂದಿಯಲ್ಲಿ ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್ಲು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ರಾತ್ರಿಯೂ ಮಷಿನ್ನು ಓಡುತ್ತದೆ, ಉಳಿದ ದಿನ ಎಲ್ಲ ನಿಧಾನ. 1999ರಲ್ಲಿ ಅವರು ಪಿಎಂಆರ್‌ವೈ ಅನ್ನುವ ಸರ್ಕಾರಿ ಸ್ವಯಂಉದ್ಯೋಗ ಯೋಜನೆಯ ಸಾಲ ತೆಗೆದು, ಅಚ್ಚುಮೊಳೆ ಜೋಡಿಸುವುದನ್ನು ಬಿಟ್ಟು, ಕಂಪ್ಯೂಟರಿನಲ್ಲೇ ಪುಟ ಮಾಡುವ ಡಿಟಿಪಿಗೆ ಬಂದರು. ಬ್ಯಾಂಕಿನವರು ಒಂದೊಂದಕ್ಕೂ ಕೊಟೇಶನ್, ಬಿಲ್ಲು ಕೇಳಿದರು. ಹಾಗಾಗಿ ಪುಟ ಜೋಡಿಸುವ ಪೇಜ್‌ಮೇಕರ್ ಮತ್ತು ಟೈಪ್ ಮಾಡಲು ಒಂದು ಕನ್ನಡ ಪ್ಯಾಕೇಜು, ಎರಡನ್ನೂ ಅಸಲಿಯೇ ಕೊಂಡರು. ಪಕ್ಕದ ಅಂಗಡಿಯವರು ನಕ್ಕಿದ್ದರಂತೆ. ಐವತ್ತು ರೂಪಾಯಿ ಸಿ.ಡಿ.ಗೆ ಸಿಗೋದಕ್ಕೆ ಸಾವಿರಗಟ್ಟಲೆ ಸುರಿದಿದ್ದಾನೆ ಅಂತ. ಆ ಬಿಲ್ಲುಗಳು ಇಷ್ಟು ವರ್ಷವಾದ ಮೇಲೆ ನನ್ನನ್ನು ಕಾಪಾಡಿದವು.

ಕನ್ನಡ ಪ್ಯಾಕೇಜಿನ ಜೊತೆ ಒಂದು ಲಾಕ್ ಬಂದಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದು. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಬೇಕು. ಪ್ರೋಗ್ರಾಮು ಶುರುವಾಗುವಾಗ ಅದನ್ನು ಒಂದು ಪ್ರಶ್ನೆ ಕೇಳುತ್ತದೆ, ಅದು ಸರಿಯಾದ ಉತ್ತರ ಕೊಟ್ಟರೆ ಮಾತ್ರ ಕನ್ನಡ ಕೀಲಿಮಣೆ ತೆರೆದುಕೊಳ್ಳುತ್ತದೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ ಬಂತು. ಮದರ್‌ಬೋರ್ಡು ಹೋಯಿತು. ಜೊತೆಗೆ ಲಾಕೂ ಹೋಯಿತು. ಹಾರ್ಡ್ ಡಿಸ್ಕ್ ಹೇಗೋ ಉಳಿಯಿತು.

ಅಷ್ಟು ಹಳೇ ಕಂಪ್ಯೂಟರು ಇನ್ನೂ ಯಾಕಿತ್ತು ಅಂತ ನೀವು ಕೇಳಬಹುದು. ಹೊಸದೂ ಇದೆ. ಆದರೆ ಇಪ್ಪತ್ತು ವರ್ಷದ ಫೈಲುಗಳೆಲ್ಲ ಹಳೆಯದರಲ್ಲಿವೆ. ಅದರಲ್ಲೊಂದು ಸೋಬಾನೆ ಪದಗಳ ಪುಸ್ತಕ. ಜಗಳೂರು ಕಡೆಯ ಒಬ್ಬ ಮೇಷ್ಟ್ರು ಹಳ್ಳಿಹಳ್ಳಿ ತಿರುಗಿ, ಅಜ್ಜಿಯರ ಬಾಯಿಂದ ಬರೆದುಕೊಂಡದ್ದು. 2003ರಲ್ಲಿ ಮಾವನೇ ಅಚ್ಚು ಹಾಕಿದ್ದರು. ಮೇಷ್ಟ್ರು ಈಗಿಲ್ಲ. ಅವರ ಮಗ ಮರುಮುದ್ರಣ ಆಗಬೇಕು ಅಂತ ಬಂದಿದ್ದರು. ಕೈಯಲ್ಲಿ ಅಪ್ಪನ ಪ್ರತಿ. ಪುಟಪುಟದಲ್ಲೂ ಪೆನ್ಸಿಲ್ಲಿನ ತಿದ್ದುಪಡಿ. ಒಂದು ಕಡೆ ಇಡೀ ಒಂದು ನುಡಿಯನ್ನೇ ಅಂಚಿನಲ್ಲಿ ಬರೆದಿಟ್ಟಿದ್ದರು.

ಹೊಸದಾಗಿ ಟೈಪ್ ಮಾಡಿಸಿದ್ದರೆ ಹತ್ತು ದಿನದಲ್ಲಿ ಮುಗಿಯುತ್ತಿತ್ತು. ನನಗೆ ಮೂರು ವಾರ ಹಿಡಿಯಿತು. ಇದನ್ನು ಮಾವ ಈಗಲೂ ನೆನಪಿಸುತ್ತಾರೆ.

ಹೊಸ ಕಂಪ್ಯೂಟರಿನಲ್ಲಿ ಆ ಫೈಲು ತೆರೆಯುವುದೇ ಇಲ್ಲವಾ ಅಂದರೆ, ತೆರೆಯಬಹುದಿತ್ತು. ಪೇಜ್‌ಮೇಕರ್ ಫೈಲನ್ನು ಅದರ ನಂತರ ಬಂದ ಇನ್‌ಡಿಸೈನ್ ಪ್ರೋಗ್ರಾಮು ಓದುತ್ತಿತ್ತು, ಸಿಎಸ್6 ಆವೃತ್ತಿಯ ತನಕ. ಆಮೇಲೆ ಆ ಬಾಗಿಲು ಮುಚ್ಚಿತು. ತೆರೆದರೂ ಕಾಣುವುದು ಕನ್ನಡವಲ್ಲ. ಆ ಕಾಲದ ಕನ್ನಡ ಪ್ಯಾಕೇಜುಗಳ ಗುಟ್ಟೇ ಅದು. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಫಾಂಟು ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತದೆ. ಒತ್ತಕ್ಷರಕ್ಕೊಂದು ಸಂಖ್ಯೆ, ದೀರ್ಘಕ್ಕೊಂದು ಸಂಖ್ಯೆ, ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಫಾಂಟು ಕಿತ್ತುಹಾಕಿದರೆ ಸೋಬಾನೆ ಪದ ಹೋಗಿ ಪರ್ಸೆಂಟ್ ಗುರುತು, ಡಾಲರ್ ಗುರುತು ಉಳಿಯುತ್ತವೆ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೇ ಲೆಕ್ಕದ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಮ್ಮೂರ ಡಿಟಿಪಿ ಅಂಗಡಿಗೆ ಅದು ಬಂದು ಮುಟ್ಟಿದ್ದು ಬಹಳ ತಡವಾಗಿ. ಹಳೇ ಸಂಖ್ಯೆಗಳನ್ನು ಯೂನಿಕೋಡಿಗೆ ಬದಲಿಸುವ ಒಂದು ಕನ್ವರ್ಟರ್ ಹಾಕಿ ನೋಡಿದೆ. ಒತ್ತಕ್ಷರಗಳೆಲ್ಲ ಅದಲು ಬದಲಾಗಿ, ಮದುಮಗಳ ಪದ ಮಂತ್ರವಾದಿಯ ಪದದ ಹಾಗೆ ಕಾಣತೊಡಗಿತು.

ಹಾಗಾಗಿ ಉಳಿದದ್ದು ಎಮ್ಯುಲೇಟರ್.

ಎಮ್ಯುಲೇಟರ್ ಅಂದರೆ ಏನು ಅಂತ ಮಾವನಿಗೆ ಹೇಳುವಾಗ ನಾನು ಹಗಲುವೇಷದವರನ್ನು ನೆನಪಿಸಿದೆ. ಮೊದಲೆಲ್ಲ ಪೊಲೀಸ್ ವೇಷ ಹಾಕಿಕೊಂಡು ಅಂಗಡಿ ಮುಂದೆ ಬಂದು ಜಬರಿಸುತ್ತಿದ್ದರಲ್ಲ, ಹಾಗೆ. ನನ್ನ ಲ್ಯಾಪ್‌ಟಾಪು ಪೆಂಟಿಯಂ 233ರ ವೇಷ ಹಾಕುತ್ತದೆ. ಒಳಗಿರುವ ಪ್ರೋಗ್ರಾಮಿಗೆ ಅದು ನಿಜವಾದ ಪೆಂಟಿಯಂ ಅಂತಲೇ ಅನ್ನಿಸಬೇಕು. ಪ್ರೋಗ್ರಾಮು “ಒಂದು ಅಕ್ಷರ ಪರದೆಗೆ ಹಾಕು” ಅಂದರೆ ಹಳೇ ಪರದೆ ಹೇಗೆ ಹಾಕುತ್ತಿತ್ತೋ ಹಾಗೇ ಹಾಕಿ ತೋರಿಸಬೇಕು. ವರ್ಚುವಲ್ ಮಷಿನ್ ಅನ್ನುವುದು ಬೇರೆ. ಅಲ್ಲಿ ನಿಜವಾದ ಪ್ರೊಸೆಸರೇ ಕೆಲಸ ಮಾಡುತ್ತದೆ, ಸುತ್ತ ಒಂದು ಗೋಡೆ ಕಟ್ಟಿರುತ್ತಾರೆ ಅಷ್ಟೆ. ಎಮ್ಯುಲೇಟರಿನಲ್ಲಿ ಪ್ರೊಸೆಸರೂ ವೇಷವೇ.

ಇದೇನು ಹುಡುಗರ ಆಟದಿಂದ ಹುಟ್ಟಿದ್ದಲ್ಲ. 1964ರಲ್ಲಿ ಐಬಿಎಂ ಕಂಪನಿ ಸಿಸ್ಟಂ 360 ಅನ್ನುವ ಹೊಸ ಸಾಲಿನ ಕಂಪ್ಯೂಟರುಗಳನ್ನು ತಂದಿತು. ಗಿರಾಕಿಗಳ ಹತ್ತಿರ ಇದ್ದದ್ದು ಹಳೇ 1401. ಸಂಬಳದ ಪಟ್ಟಿ, ಲೆಕ್ಕಪತ್ರ ಎಲ್ಲ ಅದಕ್ಕೇ ಬರೆದದ್ದು. ಎಲ್ಲ ಹೊಸದಾಗಿ ಬರೆಯಿರಿ ಅಂದರೆ ಯಾರು ಕೊಳ್ಳುತ್ತಾರೆ? ಅದಕ್ಕೆ ಹೊಸ ಕಂಪ್ಯೂಟರೇ 1401ರ ವೇಷ ಹಾಕುವ ಹಾಗೆ ಮಾಡಿದರು. ಅಂದರೆ ಎಮ್ಯುಲೇಟರ್ ಮೊದಲು ದುಡಿದದ್ದು ಮಾವನಂಥ ವ್ಯಾಪಾರಸ್ಥರಿಗೇ.

ನಾನು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮ ಹುಡುಗರೂ ಎಮ್ಯುಲೇಟರ್ ಬಳಸುತ್ತಾರೆ, ಗೊತ್ತಿಲ್ಲದೆ. ಪ್ರೋಗ್ರಾಮು ಬರೆಯಲು ಕಲಿಸುವ ಟರ್ಬೋ ಸಿ++ನ ಆ ನೀಲಿ ಪರದೆ ಇದೆಯಲ್ಲ, ಅದು 64 ಬಿಟ್ ವಿಂಡೋಸಿನಲ್ಲಿ ಸುಮ್ನೆ ಓಡುವುದಿಲ್ಲ. ಡಾಸ್‌ಬಾಕ್ಸ್ ಅನ್ನುವ ಎಮ್ಯುಲೇಟರ್ ಒಳಗೆ ಕೂತು ಓಡಿಸುತ್ತದೆ. ಬೋರ್ಲೆಂಡ್ ಕಂಪನಿ ತನ್ನ ಕೆಲವು ಹಳೇ ಆವೃತ್ತಿಗಳನ್ನು, ಟರ್ಬೋ ಸಿ 2.01, ಟರ್ಬೋ ಸಿ++ 1.01 ಹೀಗೆ, ಪುಕ್ಕಟೆಯಾಗಿ ಕೊಟ್ಟಿತ್ತು. ನಮ್ಮ ದೇಶದ ಲ್ಯಾಬುಗಳಲ್ಲಿ ಎಲ್ಲರೂ ಹಾಕಿಕೊಂಡದ್ದು 3.0. ಅದು ಆ ಪಟ್ಟಿಯಲ್ಲಿ ಇರಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬ ಹುಡುಗನೂ, ಒಬ್ಬ ಮೇಷ್ಟ್ರೂ ಇದನ್ನು ಕೇಳಿದ್ದಿಲ್ಲ. ನಾನೂ ಕೇಳಿರಲಿಲ್ಲ. ಕಾಲೇಜು ಓದದ ಮಾವ ಕೇಳಿದರು.

ಕೆಲಸಕ್ಕೆ ಬರೋಣ. ಮೊದಲು ಹಾರ್ಡ್ ಡಿಸ್ಕಿನ ಪೂರ್ತಿ ನಕಲು ತೆಗೆದೆ. ಹಳೇ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಕೇಬಲ್ಲು ಸಿಗುತ್ತದೆ. ಯಾರಾದರೂ ಈ ಹಾದಿ ಹಿಡಿದರೆ ಒಂದೇ ಮಾತು: ಡಿಸ್ಕಿನಿಂದ ನೇರ ಕೆಲಸ ಮಾಡಬೇಡಿ. ಮೊದಲು ನಕಲು, ನಕಲಿನ ಮೇಲೊಂದು ನಕಲು, ಆಮೇಲೆ ಕೈ ಹಾಕುವುದು. ನನ್ನದು ಎರಡನೇ ಸಲ ಓದುವಾಗಲೇ ಕಟಕಟ ಸದ್ದು ಶುರು ಮಾಡಿತು. ಮೂರನೇ ಸಲ ಏಳಲೇ ಇಲ್ಲ.

ಆಮೇಲಿನ ತಮಾಷೆ ಏನೆಂದರೆ, ಹಳೇ ಪ್ರೋಗ್ರಾಮುಗಳಿಗೆ ಸಿರಿತನ ತೋರಿಸಬಾರದು. ವಿಂಡೋಸ್ 98ಕ್ಕೆ 512 ಎಂಬಿಗಿಂತ ಜಾಸ್ತಿ ಮೆಮೊರಿ ಕೊಟ್ಟರೆ ತಡಬಡಾಯಿಸುತ್ತದೆ, ಮೆಮೊರಿ ಸಾಲದು ಅಂತಲೇ ದೂರು ಹೇಳುತ್ತದೆ. ನಾನು 64 ಕೊಟ್ಟೆ, ಆರಾಮಾಗಿ ಎದ್ದಿತು. ವೇಗದ ಕಥೆಯೂ ಹಾಗೇ. ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಹಳೇ ಪ್ರೋಗ್ರಾಮುಗಳು ಶುರುವಾಗುವಾಗ ಒಂದು ಸಣ್ಣ ಲೆಕ್ಕ ಹಾಕುತ್ತಿದ್ದವು. ಗಡಿಯಾರದ ಒಂದು ಟಿಕ್ಕಿಗೆ, ಅಂದರೆ ಸುಮಾರು 55 ಮಿಲಿಸೆಕೆಂಡಿಗೆ, ಎಷ್ಟು ಸುತ್ತು ಎಣಿಸಬಹುದು ಅಂತ ನೋಡಿ, ಅದನ್ನು 55ರಿಂದ ಭಾಗಿಸುವುದು. ಬಂದ ಉತ್ತರವನ್ನು 16 ಬಿಟ್ ಜಾಗದಲ್ಲಿ ಇಡಬೇಕು. ಪ್ರೊಸೆಸರು ಸುಮಾರು 200 ಮೆಗಾಹರ್ಟ್ಸ್ ದಾಟಿದ ಮೇಲೆ ಉತ್ತರ ಆ ಜಾಗದಲ್ಲಿ ಹಿಡಿಸದೆ, ಪ್ರೋಗ್ರಾಮು ‘ರನ್‌ಟೈಮ್ ಎರರ್ 200’ ಅಂತ ಹೇಳಿ ಮಲಗುತ್ತಿತ್ತು. ತಪ್ಪು ಏನೂ ಮಾಡಿಲ್ಲ, ಕಾಲ ಓಡಿದ್ದು ಜಾಸ್ತಿಯಾಯ್ತು ಅಷ್ಟೆ. ಎಮ್ಯುಲೇಟರಿನಲ್ಲಿ ವೇಗವನ್ನು ಬೇಕಾದಷ್ಟು ಇಳಿಸಬಹುದು. ಅದರ ದೊಡ್ಡ ಉಪಕಾರ ನನ್ನ ಲೆಕ್ಕದಲ್ಲಿ ಇದೇ.

ನಾನು ಬಳಸಿದ್ದು 86ಬಾಕ್ಸ್. ಡಾಸ್‌ಬಾಕ್ಸ್‌ಗೆ ಹೊರಗಿನಿಂದ ಏನೂ ಬೇಕಾಗಿಲ್ಲ, ಡಾಸ್‌ನ ಕೆಲಸವನ್ನು ಅದರೊಳಗೇ ಹೊಸದಾಗಿ ಬರೆದಿದ್ದಾರೆ. 86ಬಾಕ್ಸ್ ಹಾಗಲ್ಲ. ಅದು ಬೋರ್ಡಿನ ಒಂದೊಂದು ಚಿಪ್ಪಿನ ವೇಷವನ್ನೂ ಹಾಕುತ್ತದೆ, ಆದರೆ ಬೋರ್ಡಿನ ಬಯೋಸನ್ನು ಬೇರೆ ತಂದುಕೊಡಬೇಕು. ಬಯೋಸ್ ಅಂದರೆ ಕಂಪ್ಯೂಟರಿಗೆ ಕರೆಂಟು ಬಂದ ಕೂಡಲೇ ಓಡುವ ಮೊದಲ ಪ್ರೋಗ್ರಾಮು. ಅದು ಚಿಪ್ಪಿನಲ್ಲಿದ್ದರೂ ಬರಹವೇ. ಯಾರೋ ಬರೆದದ್ದು, ಯಾರದೋ ಹಕ್ಕಿನದು.

ಕಾನೂನಿನ ಗಂಟು ಬೀಳುವುದು ಇಲ್ಲೇ. ವೇಷ ಹಾಕುವುದಕ್ಕೆ ಯಾರೂ ಏನೂ ಅನ್ನುವ ಹಾಗಿಲ್ಲ. ವೇಷಗಾರ ಆಡುವ ಮಾತು ಯಾರದು ಅನ್ನುವುದೇ ತಕರಾರು. 1982ರಲ್ಲಿ ಕಾಂಪ್ಯಾಕ್ ಕಂಪನಿ ಐಬಿಎಂ ಪಿಸಿಯ ಹಾಗೇ ನಡೆಯುವ ಯಂತ್ರ ಮಾಡಲು ಹೊರಟಾಗ ಇದನ್ನು ಚೆನ್ನಾಗಿ ಅರಿತಿತ್ತು. ಒಂದು ಗುಂಪು ಐಬಿಎಂ ಬಯೋಸನ್ನು ಓದಿ, ಅದು ಏನೇನು ಮಾಡುತ್ತದೆ ಅಂತ ಮಾತ್ರ ಬರೆದಿಟ್ಟಿತು. ಆ ಬಯೋಸನ್ನು ಕಣ್ಣಲ್ಲೂ ನೋಡಿರದ ಇನ್ನೊಂದು ಗುಂಪು ಆ ವಿವರ ಇಟ್ಟುಕೊಂಡು ಹೊಸದನ್ನು ಬರೆಯಿತು. ಕೆಲಸ ಒಂದೇ, ಮಾತು ಬೇರೆ.

1999ರಲ್ಲಿ ಕನೆಕ್ಟಿಕ್ಸ್ ಅನ್ನುವ ಕಂಪನಿ ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ನಿನ ಆಟಗಳನ್ನು ಮ್ಯಾಕ್ ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ಮಾರಿತು. ಅವರು ಅಷ್ಟು ಮಡಿ ಮಾಡಿರಲಿಲ್ಲ. ಕೆಲಸ ಮಾಡುವಾಗ ಸೋನಿಯ ಬಯೋಸನ್ನು ನಕಲು ಮಾಡಿಕೊಂಡು ಅದನ್ನೇ ಓಡಿಸಿ ನೋಡಿದ್ದರು. ಮಾರಿದ ಮಾಲಿನಲ್ಲಿ ಮಾತ್ರ ಅದರ ಒಂದು ಸಾಲೂ ಇರಲಿಲ್ಲ. ಸೋನಿ ಕೋರ್ಟಿಗೆ ಹೋಯಿತು. 2000ದಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಕನೆಕ್ಟಿಕ್ಸ್ ಪರವಾಗಿ ತೀರ್ಪು ಕೊಟ್ಟಿತು. ಮಾರನೇ ವರ್ಷ ಸೋನಿ ಆ ಎಮ್ಯುಲೇಟರನ್ನೇ ಕೊಂಡುಕೊಂಡು ಅಂಗಡಿ ಮುಚ್ಚಿಸಿತು. ಬ್ಲೀಮ್ ಅನ್ನುವ ಇನ್ನೊಂದು ಕಂಪನಿಯೂ ಸೋನಿ ವಿರುದ್ಧ ಕೋರ್ಟಿನಲ್ಲಿ ಗೆದ್ದಿತು, ಖರ್ಚು ತಾಳದೆ 2001ರಲ್ಲಿ ಮುಳುಗಿತು. ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮ ಹಿರಿಯರು ಹೇಳಿದ್ದು ಅಲ್ಲಿಗೂ ಸಲ್ಲುತ್ತದೆ. ಹೊಸ ಕಥೆ ಬೇಕಿದ್ದರೆ 2024ರದು ಇದೆ. ನಿಂಟೆಂಡೊ ಸ್ವಿಚ್‌ನ ಎಮ್ಯುಲೇಟರ್ ಯುಜು ಮಾಡಿದವರು 24 ಲಕ್ಷ ಡಾಲರ್ ಕೊಡಲು ಒಪ್ಪಿ, ಕೆಲಸ ನಿಲ್ಲಿಸಿದರು. ಅಲ್ಲಿ ಜಗಳ ಇದ್ದದ್ದು ಆಟಗಳಿಗೆ ಹಾಕಿದ ಬೀಗವನ್ನು ಬಿಡಿಸುವುದರ ಮೇಲೆ.

ಇವೆಲ್ಲ ಅಮೆರಿಕದ ಮಾತು. ಚೌಕಿಪೇಟೆಗೆ ನಡೆಯುವುದು 1957ರ ನಮ್ಮ ಕಾಪಿರೈಟ್ ಕಾಯ್ದೆ. ಅದರ 52ನೇ ಕಲಮಿನಲ್ಲಿ ಏನೇನು ಮಾಡಿದರೆ ತಪ್ಪಲ್ಲ ಅಂತ ಒಂದು ಪಟ್ಟಿ ಇದೆ. ಪ್ರೋಗ್ರಾಮನ್ನು ಕಾನೂನು ಪ್ರಕಾರ ಇಟ್ಟುಕೊಂಡವನು, ಯಾವ ಕೆಲಸಕ್ಕೆ ಅದನ್ನು ಕೊಟ್ಟಿದ್ದರೋ ಆ ಕೆಲಸಕ್ಕೆ ಬಳಸಿಕೊಳ್ಳಲು ನಕಲು ಮಾಡಬಹುದು, ಮಾರ್ಪಾಡೂ ಮಾಡಬಹುದು. ಹಾಳಾದೀತು ಅಂತ ಒಂದು ಪ್ರತಿ ತೆಗೆದಿಡಬಹುದು. ಇದಕ್ಕೆ ವ್ಯಾಪಾರವೋ ಸ್ವಂತಕ್ಕೋ ಅನ್ನುವ ಭೇದ ಹಾಕಿಲ್ಲ. ವ್ಯಾಪಾರಕ್ಕಲ್ಲದ ಸ್ವಂತ ಬಳಕೆಗೆ ಇನ್ನೊಂದು ಉಪಕಲಮು ಬೇರೆ ಇದೆ, ಆದರೆ ಪ್ರೆಸ್ಸು ವ್ಯಾಪಾರ, ಅದು ಮಾವನಿಗೆ ದಕ್ಕುವುದಿಲ್ಲ. ಹಾಗಾಗಿ ಎಲ್ಲ ಭಾರ ‘ಕಾನೂನು ಪ್ರಕಾರ ಇಟ್ಟುಕೊಂಡವನು’ ಅನ್ನುವ ಮಾತಿನ ಮೇಲೆ ಬಿತ್ತು.

ಮಾವ ಟ್ರಂಕು ತೆಗೆದರು. ಪೇಜ್‌ಮೇಕರಿಗೆ ಬಿಲ್ಲು ಇತ್ತು. ಕನ್ನಡ ಪ್ಯಾಕೇಜಿಗೆ ಬಿಲ್ಲು, ಸೀರಿಯಲ್ ನಂಬರಿನ ಕಾರ್ಡು, ಪೆಟ್ಟಿಗೆ ಸಮೇತ ಇತ್ತು. ಸತ್ತ ಬೋರ್ಡು ಅವರದೇ, ಹಾಗಾಗಿ ಅದರ ಚಿಪ್ಪಿನಿಂದಲೇ ಬಯೋಸ್ ಓದಿಕೊಂಡೆ. ಅದೃಷ್ಟಕ್ಕೆ ಆ ಬೋರ್ಡು ಎಮ್ಯುಲೇಟರಿನ ಪಟ್ಟಿಯಲ್ಲಿತ್ತು. ವಿಂಡೋಸ್ 98ರ ಬಿಲ್ಲು?

“ಅದನ್ನ ಕಂಪ್ಯೂಟರ್ ಕೊಟ್ಟೋರೇ ಹಾಕಿಕೊಟ್ಟಿದ್ರಪ್ಪ” ಅಂದರು ಮಾವ.

ಬ್ಯಾಂಕಿನವರು ಕೇಳದ ಒಂದೇ ಬಿಲ್ಲು ಅದು. ಮೈಕ್ರೋಸಾಫ್ಟ್ ವಿಂಡೋಸ್ 98ಕ್ಕೆ ಬೆಂಬಲ ನಿಲ್ಲಿಸಿದ್ದು 2006ರ ಜುಲೈನಲ್ಲಿ. ಮಾರುವುದು ಬಿಟ್ಟರು, ನೋಡಿಕೊಳ್ಳುವುದೂ ಬಿಟ್ಟರು, ಇನ್ನು ಯಾರು ಕೇಳ್ತಾರೆ ಅನ್ನುವುದು ಎಲ್ಲರ ಮಾತು. ‘ಅಬಾಂಡನ್‌ವೇರ್’ ಅಂತ ಅದಕ್ಕೊಂದು ಹೆಸರೂ ಇದೆ. ಕಾಯ್ದೆಯಲ್ಲಿ ಆ ಪದವೇ ಇಲ್ಲ. ನಮ್ಮಲ್ಲಿ ಕಂಪ್ಯೂಟರ್ ಪ್ರೋಗ್ರಾಮು ಸಾಹಿತ್ಯದ ಲೆಕ್ಕಕ್ಕೆ ಬರುತ್ತದೆ. ಬರೆದವರ ಜೀವಮಾನ, ಆಮೇಲೆ 60 ವರ್ಷ. ಮೇಷ್ಟ್ರ ಸೋಬಾನೆ ಪುಸ್ತಕಕ್ಕೂ ವಿಂಡೋಸಿಗೂ ಒಂದೇ ಅಳತೆ. ಬೀಳು ಬಿಟ್ಟ ಹೊಲ ಅಂತ ಯಾರು ಬೇಕಾದರೂ ಉಳಲು ಬರುವುದಿಲ್ಲವಲ್ಲ, ಹಾಗೇ ಇದು. ಕಳ್ಳ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನದಿಂದ ಮೂರು ವರ್ಷದ ತನಕ ಜೈಲು, 50,000ದಿಂದ ಎರಡು ಲಕ್ಷದ ತನಕ ದಂಡ ಅಂತ 63ಬಿ ಕಲಮು ಹೇಳುತ್ತದೆ. ಲಾಭಕ್ಕೆ ಬಳಸದಿದ್ದರೆ ಸ್ವಲ್ಪ ರಿಯಾಯಿತಿ. ಕಡೆಗೆ ಒಬ್ಬ ಗೆಳೆಯನ ಅಟ್ಟದಲ್ಲಿ ಪೆಟ್ಟಿಗೆ, ಸಿ.ಡಿ., ಸರ್ಟಿಫಿಕೇಟು ಎಲ್ಲ ಇದ್ದ ಒಂದು ಅಸಲಿ 98 ಸಿಕ್ಕಿತು. ಎರಡು ಪ್ಲೇಟು ಬೆಣ್ಣೆದೋಸೆಗೆ ವ್ಯವಹಾರ ಮುಗಿಯಿತು. ಗೆಳೆಯನಿಗೆ ನನ್ನ ತಲೆ ಸರಿ ಇದೆಯಾ ಅಂತ ಅನುಮಾನ ಬಂದಿತ್ತು.

ಉಳಿದದ್ದು ಲಾಕ್. ಫೈಲು ತೆರೆದು ಪ್ರಿಂಟು ತೆಗೆಯಲು ಅದು ಬೇಕಿರಲಿಲ್ಲ, ಫಾಂಟು ಸಾಕು. ಒಂದು ಅಕ್ಷರ ತಿದ್ದಬೇಕೆಂದರೆ ಬೇಕು. ಮೇಷ್ಟ್ರ ಪೆನ್ಸಿಲ್ ಗುರುತುಗಳು ಇನ್ನೂರರ ಮೇಲೆ ಇದ್ದವು. ಪ್ಯಾಕೇಜಿನ ಕಂಪನಿಗೆ ಫೋನ್ ಮಾಡಿದೆ. ಆ ಆವೃತ್ತಿಗೆ ಲಾಕ್ ಈಗ ಮಾಡುವುದಿಲ್ಲ, ಹೊಸದು ಕೊಳ್ಳಿ, ಹಳೇ ಫೈಲು ಅದರಲ್ಲಿ ಸರಿಯಾಗಿ ಬರುತ್ತದೆ ಅಂತ ಗ್ಯಾರಂಟಿ ಕೊಡಲ್ಲ ಅಂದರು. ಲಾಕ್ ಇಲ್ಲದೆ ಓಡಿಸಿಕೊಳ್ಳಲು ಅನುಮತಿ ಕೊಡಿ ಅಂತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಹಾಕಿದೆ. ಮುಟ್ಟಿದ ರಸೀದಿ ಬಂತು, ಉತ್ತರ ಬರಲಿಲ್ಲ.

ಬೀಗ ಒಡೆಯುವ ಬಗ್ಗೆ 2012ರಲ್ಲಿ ನಮ್ಮ ಕಾಯ್ದೆಗೆ 65ಎ ಅನ್ನುವ ಕಲಮು ಸೇರಿತು. ಕೆಟ್ಟುಹೋದ ಲಾಕಿನ ಗೋಳು ಅಮೆರಿಕದವರಿಗೂ ಗೊತ್ತಿತ್ತು. ಅಲ್ಲಿ ಬೀಗ ಒಡೆಯುವುದೇ ತಪ್ಪು. ಆದರೂ 2003, 2006, 2010ರಲ್ಲಿ ಕೊಟ್ಟ ವಿನಾಯಿತಿಗಳಲ್ಲಿ ಕೆಟ್ಟುಹೋದ, ಹೊಸದು ಸಿಗದ ಡಾಂಗಲ್ (ಇಂಥ ಲಾಕಿಗೆ ಇಂಗ್ಲಿಷಿನ ಹೆಸರು) ಅಂತಲೇ ಹೆಸರು ಹಿಡಿದು ಬಿಟ್ಟುಕೊಟ್ಟಿದ್ದರು. ನಮ್ಮ ಕಲಮು ಬೇರೆ ದಾರಿ ಹಿಡಿದಿದೆ. ಹಕ್ಕನ್ನು ಮುರಿಯುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದ ತನಕ ಜೈಲು, ದಂಡ. ಕಾಯ್ದೆ ಬೇಡ ಅನ್ನದ ಕೆಲಸಕ್ಕೆ ಒಡೆದರೆ ತಡೆ ಇಲ್ಲ. ಆದರೆ ಒಂದು ಷರತ್ತು. ಇನ್ನೊಬ್ಬರಿಗೆ ಬೀಗ ಬಿಡಿಸಲು ನೆರವಾಗುವವನು ಪೂರ್ತಿ ದಾಖಲೆ ಇಟ್ಟಿರಬೇಕು. ಯಾರಿಗೆ ಮಾಡಿಕೊಟ್ಟೆ, ಅವರ ಹೆಸರು, ವಿಳಾಸ, ಗುರುತು, ಯಾವ ಉದ್ದೇಶಕ್ಕೆ.

ಇದನ್ನು ಓದಿ ನಾನು ಎರಡು ಸಲ ನಕ್ಕೆ. ಆಮೇಲೆ ವಕೀಲ ಗೆಳೆಯನ ಹತ್ತಿರ ಹೋದೆ. ಕೋರ್ಟಿನ ಎದುರು ಟೀ ಕುಡಿಯುತ್ತಾ ಓದಿ ನೋಡಿದ.

“ಬಿಲ್ಲು ಐತೆ, ಲಾಕ್ ಸತ್ತೈತೆ, ಕಾಗದ ಹಾಕೀಯ. ನಿನ್ನ ಓದು ಸರಿ ಅನ್ಸುತ್ತೆ. ಆದ್ರೆ ಜಡ್ಜು ಬೇರೆ ಥರ ಓದಿದ್ರೆ ನನ್ನ ಬೈಬೇಡ.”

“ಹಂಗಾದ್ರೆ ಏನ್ ಮಾಡ್ಲಲೇ?”

“ನೋಟ್‌ಬುಕ್ ತಗೋ.”

ಲಾಕ್ ಕೊಡಬೇಕಾದ ಉತ್ತರ ಏನು ಅಂತ ಪ್ರೋಗ್ರಾಮಿನಿಂದಲೇ ತಿಳಿದುಕೊಂಡು, ಅದನ್ನು ಹೇಳುವ ಒಂದು ಪುಟ್ಟ ಪ್ರೋಗ್ರಾಮು ಬರೆಯಲು ನಾಲ್ಕು ರಾತ್ರಿ ಹಿಡಿಯಿತು. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಐದನೇ ದಿನ ಮಾವ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು, ಕೀಲಿಮಣೆ ನೋಡದೆ, ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಮೇಷ್ಟ್ರು ಅಂಚಿನಲ್ಲಿ ಬರೆದಿದ್ದ ನುಡಿಯನ್ನು ಹೊಡೆದರು. ಮೇಷ್ಟ್ರ ಮಗ ಪಕ್ಕದಲ್ಲಿ ನಿಂತು ಅಪ್ಪನ ಪೆನ್ಸಿಲ್ ಅಕ್ಷರವನ್ನು ಓದಿ ಹೇಳುತ್ತಿದ್ದರು. ಒಂದು ಕಡೆ ಓದಲಾಗದೆ ನಿಂತರು. ಮಾವ ಪುಸ್ತಕ ಇಸಿದುಕೊಂಡು ನೋಡಿ, ‘ಬಾಸಿಂಗ’ ಅಂದರು.

ನೋಟ್‌ಬುಕ್ ತಂದಿದ್ದೆ. ನೂರು ಪುಟದ್ದು, ಗೆರೆ ಹಾಕಿದ್ದು. ಮೊದಲ ಸಾಲಿನಲ್ಲಿ ಮಾವನ ಹೆಸರು, ಪ್ರೆಸ್ಸಿನ ವಿಳಾಸ, ಬಿಲ್ಲಿನ ನಂಬರು. ಉದ್ದೇಶ ಅನ್ನುವ ಕಾಲಮ್ಮಿನಲ್ಲಿ ‘ಸೋಬಾನೆ ಪದ ತಿದ್ದಲು’ ಅಂತ ಬರೆದೆ. ಮಾವ ರುಜು ಹಾಕಿದರು.

ಸುದ್ದಿ ಸಂದಿಯಲ್ಲಿ ಹರಡಲು ಒಂದು ವಾರ ಸಾಕಾಯಿತು. ಹೋದ ಶನಿವಾರ ಒಬ್ಬ ಡಿಟಿಪಿಯವರು ಮನೆಗೆ ಬಂದರು. ಜೊತೆಗೆ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದರು. “ಸಾರ್, ಮಾವೋರಿಗೆ ಹಾಕಿಕೊಟ್ಟಂಗೆ ನಮಗೂ ಒಂದು ಹಾಕಿಕೊಡ್ರಿ. ಲಾಕ್ ಇಲ್ಲದಂಗೆ ಓಡೋದು.”

“ನಿಮ್ಮ ಲಾಕ್ ಹಾಳಾಗಿದೆಯಾ?” ಅಂದೆ.

“ನಮ್ಮ ಹತ್ರ ಲಾಕ್ ಯಾವತ್ತಿತ್ತು ಸಾರ್!”

ಇಲ್ಲ ಅನ್ನುವುದಕ್ಕೆ ಮೊದಲು ನೋಟ್‌ಬುಕ್ ತೆಗೆದು ಎರಡನೇ ಸಾಲು ತೋರಿಸಿದೆ. ಹೆಸರು, ವಿಳಾಸ, ಬಿಲ್ ನಂಬರು, ಉದ್ದೇಶ, ರುಜು. ಪೆನ್ನು ಕೊಟ್ಟೆ. ಅವರು ಮಾವನ ಸಾಲನ್ನು ಪೂರ್ತಿ ಓದಿದರು. ಪೆನ್ನಿನ ಕ್ಯಾಪು ತೆಗೆದರು, ಹಾಕಿದರು.

“ಬಿಲ್ ನೋಡ್ಕೊಂಡು ಬರ್ತೀನಿ ಸಾರ್” ಅಂತ ಎದ್ದರು.

ಮಂಡಕ್ಕಿ ಬಿಟ್ಟು ಹೋದರು. ಪೆನ್ನು ಅವರ ಜೇಬಿನಲ್ಲೇ ಹೋಯಿತು.